ಇಬ್ಭಾಗವಾದ ನೋಟ ಮತ್ತು ನೋಡುಗನ ಏಕತೆ

ಎಡಗಣ್ಣು ಕಂಡದ್ದು ಬಲ ಮೆದುಳಿಗೂ ಬಲಗಣ್ಣು ಕಂಡದ್ದು ಎಡ ಮೆದುಳಿಗೂ ಹೋಗುತ್ತದೆಂಬ ಜನಜನಿತ ತಿಳಿವಳಿಕೆ ಮನುಷ್ಯನ ಮಟ್ಟಿಗೆ ಅರ್ಧಸತ್ಯ. ಅಕ್ಷಿಪಟಲದಲ್ಲಿ, ಅಂದರೆ ಬೆಳಕನ್ನು ಗ್ರಹಿಸುವ ಕಣ್ಣಿನ ಒಳಪದರದಲ್ಲಿ, ಮೂಗಿನ ಕಡೆಯ ಅರ್ಧದಿಂದ ಹೊರಟ ನರತಂತುಗಳು ಮಾತ್ರ ಮೆದುಳಿನ ತಳದಲ್ಲಿ ಅಡ್ಡಹಾಯ್ದು ಎದುರು ಪಾರ್ಶ್ವವನ್ನು ಸೇರುತ್ತವೆ; ಉಳಿದ ಅರ್ಧದವು ತಮ್ಮ ಪಾರ್ಶ್ವದಲ್ಲೇ ಮುಂದುವರಿಯುತ್ತವೆ. ಆದ್ದರಿಂದ ದಿಟ್ಟಿ ನೆಟ್ಟ ಬಿಂದುವಿನ ಎಡಕ್ಕಿರುವುದು ಎರಡೂ ಕಣ್ಣುಗಳಿಂದ ಬಲ ಅರ್ಧಗೋಳಕ್ಕೂ, ಬಲಕ್ಕಿರುವುದು ಎಡ ಅರ್ಧಗೋಳಕ್ಕೂ ಮೊದಲು ತಲಪುತ್ತದೆ. ಹಾಗಿದ್ದೂ ನೋಟದ ನಡುವೆ ಹೊಲಿಗೆಯ ಗುರುತು ಕಾಣುವುದಿಲ್ಲವೇಕೆ?

ಅರ್ಧಗೋಳಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್ ಎಂಬ ಸುಮಾರು 20 ಕೋಟಿ ನರತಂತುಗಳ ಕಟ್ಟು ಎರಡು ಅರೆಚಿತ್ರಗಳನ್ನು ಕೂಡಿಸಿ ಪೂರ್ಣಚಿತ್ರ ಮಾಡುತ್ತದೆ ಎಂಬುದು ರೂಢಿಯ ಉತ್ತರ. ಅದನ್ನು ಇಡಿಯಾಗಿ ಒಪ್ಪುವುದು ಕಷ್ಟ. ದೃಷ್ಟಿಯ ಪ್ರಾಥಮಿಕ ಕೇಂದ್ರದಲ್ಲಿ ಈ ತಂತುಗಳು ಬಹುಮಟ್ಟಿಗೆ ನೋಟದ ನಡುಗೆರೆಯ ಆಸುಪಾಸನ್ನು ಕಾಣುವ ಕೋಶಗಳನ್ನೇ ಜೋಡಿಸುತ್ತವೆ. ಅಂಚಿನ ವಿಸ್ತಾರ ಆ ಹಂತದಲ್ಲಿ ಆಚೆ ದಾಟುವುದೇ ಕಡಿಮೆ. ಆಕಾರ, ಮುಖ, ಅಕ್ಷರಗಳನ್ನು ಗುರುತಿಸುವ ಮುಂದಿನ ಕೇಂದ್ರಗಳಲ್ಲಿ ವಿನಿಮಯ ಹಿಗ್ಗುತ್ತದೆ. ಅಂದಮೇಲೆ ಹೆಚ್ಚಾಗಿ ಹಂಚಿಕೆಯಾಗುವುದು ಚಿತ್ರದ ನಕಲಿಗಿಂತ, ಚಿತ್ರದಿಂದ ಆಗಲೇ ತೆಗೆದ ಅರ್ಥ ಎನ್ನಬೇಕಾಗುತ್ತದೆ.

ತೀವ್ರ ಮೂರ್ಛೆರೋಗದ ಚಿಕಿತ್ಸೆಗಾಗಿ ಈ ಕಟ್ಟನ್ನೇ ಕತ್ತರಿಸಿದ್ದ ರೋಗಿಗಳನ್ನು 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೋಜರ್ ಸ್ಪೆರಿ ಮತ್ತು ಮೈಕೆಲ್ ಗಜ್ಜಾನಿಗ ಪರೀಕ್ಷಿಸಿದರು. ಕಣ್ಣು ಹೊರಳುವ ಮೊದಲೇ ಮಾಯವಾಗುವಂತೆ ಎಡಬದಿಯಲ್ಲಿ ಚಿತ್ರವೊಂದನ್ನು ಮಿಂಚಿಸಿದಾಗ, ಮಾತಿನ ಕೇಂದ್ರ ಎಡ ಅರ್ಧಗೋಳದಲ್ಲಿರುವುದರಿಂದ ರೋಗಿ ಏನೂ ಕಾಣಲಿಲ್ಲವೆನ್ನುತ್ತಿದ್ದ. ಬಲ ಅರ್ಧಗೋಳದ ಹಿಡಿತದಲ್ಲಿರುವ ಅವನ ಎಡಗೈ ಮಾತ್ರ ಆ ವಸ್ತುವನ್ನೇ ತಡವಿ ಆಯ್ದುಕೊಳ್ಳುತ್ತಿತ್ತು. ಸ್ಪೆರಿಗೆ 1981ರಲ್ಲಿ ನೊಬೆಲ್ ತಂದ ಈ ಸಂಶೋಧನೆಯಿಂದ, ಒಂದೇ ತಲೆಯಲ್ಲಿ ಇಬ್ಬರಿದ್ದಾರೆ ಎಂಬ ತೀರ್ಮಾನಕ್ಕೆ ಹಲವರು ಬಂದರು. ಅದು ಆತುರದ ತೀರ್ಮಾನ. ಪ್ರಯೋಗಶಾಲೆಯ ಹೊರಗೆ ಇದೇ ರೋಗಿಗಳು ಬಹುತೇಕ ಎಲ್ಲರಂತೆ ಓಡಾಡುತ್ತಿದ್ದರು. ಕಣ್ಣು ಹೊರಳಿಸಿದೊಡನೆ ಒಂದೇ ಜಗತ್ತು ಎರಡೂ ಅರ್ಧಗೋಳಗಳಿಗೆ ಸಿಗುತ್ತಿತ್ತು, ಮೆದುಳಿನ ಆಳದ ಕೆಲವು ದಾರಿಗಳೂ ಕತ್ತರಿಗೆ ಸಿಗದೆ ಉಳಿದಿದ್ದವು.

2017ರಲ್ಲಿ ಯಾಯಿರ್ ಪಿಂಟೊ ಮತ್ತು ಸಹೋದ್ಯೋಗಿಗಳು ಇಂಥ ಇಬ್ಬರು ರೋಗಿಗಳಲ್ಲಿ ಕಂಡದ್ದು ಇನ್ನೂ ಸೂಕ್ಷ್ಮವಾದದ್ದು. ವಸ್ತು ಯಾವ ಬದಿಯಲ್ಲಿ ಮೂಡಿದರೂ ಅದು ಇದೆಯೆಂಬುದನ್ನು ಅವರು ಬಾಯಿಂದಲೂ ಎರಡೂ ಕೈಗಳಿಂದಲೂ ತಿಳಿಸಬಲ್ಲವರಾಗಿದ್ದರು. ಆದರೆ ಎಡದ ಆಕೃತಿಯೂ ಬಲದ ಆಕೃತಿಯೂ ಒಂದೇ ಬಗೆಯವೇ ಎಂದು ಹೋಲಿಸಿ ಹೇಳಲಾರದೆ ಹೋಗುತ್ತಿದ್ದರು. ಇಬ್ಬರನ್ನೇ ಆಧರಿಸಿದ ಈ ಫಲಿತಾಂಶವನ್ನು ಪ್ರಶ್ನಿಸಿದವರಿದ್ದಾರೆ, ಪ್ರಶ್ನಿಸುವುದು ಸರಿಯೂ ಹೌದು. ಆದರೂ ಪೂರ್ಣಚಿತ್ರವೊಂದು ಎಲ್ಲೋ ಒಂದೆಡೆ ಜೋಡಣೆಯಾದರಷ್ಟೇ ನೋಡುಗನು ಒಬ್ಬನಾಗಿರಬಲ್ಲ ಎಂಬ ಊಹೆಯನ್ನು ಅದು ಸಡಿಲಗೊಳಿಸುತ್ತದೆ.