ಕಾಯುವವರ ಹೊಣೆ

ತಾನೇ ನಡೆಸುವ ಚಿಕ್ಕ ವಿಮಾನವನ್ನೇರಿ ಬಂಧುಗಳ ಮನೆಗೆ ಹೋಗಿಬರುವುದು ಕೇವಲ ಧನಿಕರ ವಿಲಾಸವೆಂದು ನಾವು ಇಲ್ಲಿ ಕುಳಿತು ಭಾವಿಸುವುದುಂಟು. ಆದರೆ ಸಾರ್ವಜನಿಕರ ಉಪಯೋಗಕ್ಕೆ ತೆರೆದ ಸುಮಾರು 5,000 ವಿಮಾನನಿಲ್ದಾಣಗಳನ್ನುಳ್ಳ, ಅವುಗಳಲ್ಲಿ ಬಹುಪಾಲಿನಲ್ಲಿ ದೊಡ್ಡ ಕಂಪನಿಗಳ ವಿಮಾನಗಳು ಇಳಿಯದ ಅಮೆರಿಕದಲ್ಲಿ, ನಾಲ್ಕು ಆಸನಗಳ ಹಳೆಯ ಸೆಸ್ನಾ 172 ಒಂದನ್ನು ಗೆಳೆಯರೊಡನೆ ಪಾಲಿನಲ್ಲಿ ಕೊಂಡೋ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದೋ, ದೂರದ ಊರಿನಲ್ಲಿರುವ ವೃದ್ಧ ತಾಯಿತಂದೆಗಳನ್ನು ಕಾಣಹೊರಡುವ ಉಪಾಧ್ಯಾಯರೂ ಕೃಷಿಕರೂ ಇದ್ದಾರೆ. ಗಂಟೆಗೆ 200 ಕಿಲೋಮೀಟರನ್ನು ಮೀರಿ ಹಾರುವ ಆ ವಿಮಾನದಲ್ಲಿ, ಹೆದ್ದಾರಿಯ ಮೇಲೆ ಹಗಲೆಲ್ಲ ಹಿಡಿಯುವ ಪ್ರಯಾಣವು ಒಂದು ಪೂರ್ವಾಹ್ಣದಲ್ಲಿ ಮುಗಿಯುತ್ತದೆ. ಮೂರು ನಾಲ್ಕು ಸಾವಿರ ಅಡಿಗಳ ಎತ್ತರದಿಂದ ನೋಡುವವನಿಗೆ ನದಿಯು ತನ್ನ ತಿರುವುಗಳನ್ನೆಲ್ಲ ಒಮ್ಮೆಗೇ ತೋರುತ್ತದೆ. ಇಳಿದೊಡನೆ ತಪಾಸಣೆಯ ಸಾಲುಗಳಾವುವೂ ಇಲ್ಲದೆ, ಬೇಲಿಯಾಚೆ ನಿಂತ ಮೊಮ್ಮಕ್ಕಳ ಬಳಿಗೆ ಅಜ್ಜನು ನೇರವಾಗಿ ನಡೆದುಹೋಗಬಹುದು. ಬಾಂಧವ್ಯಕ್ಕೆ ದೂರವೇ ಶತ್ರುವಾಗಿರುವ ಕಾಲದಲ್ಲಿ ಇಂತಹ ಸಾಧನವನ್ನು ಹಳಿಯಲು ನನಗೆ ಮನಸ್ಸು ಬಾರದು.

ನಾನು ಹೇಳಬಯಸುವುದು ಬೇರೆ. ಚಿಕ್ಕ ವಿಮಾನಗಳ ಅಪಘಾತಗಳಲ್ಲಿ ಹೆಚ್ಚಿನವು ಯಂತ್ರದ ದೋಷದಿಂದಲ್ಲ, ಚಾಲಕನ ತಪ್ಪಿನಿಂದ ಆಗತಕ್ಕವು. ಅವನ ವಿವೇಕವನ್ನು ಬಾಗಿಸುವ ಶಕ್ತಿಗಳಲ್ಲಿ, ತನಗಾಗಿ ಮನೆಯವರು ಕಾಯುತ್ತಿದ್ದಾರೆಂಬ ಭಾವನೆಗಿಂತ ಪ್ರಬಲವಾದುದು ವಿರಳ. ಹೊರಡುವ ಅಧಿಕಾರವೂ ಹೊರಡದಿರುವ ಅಧಿಕಾರವೂ ಚಾಲಕನೊಬ್ಬನದೇ ಎಂದು ಕಾನೂನು ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಆದರೂ ನೆಲದ ಮೇಲೆ ಕಾಯುವವರು ಆ ಹೊಣೆಯಿಂದ ಮುಕ್ತರಲ್ಲವೆಂಬುದು ನನ್ನ ದೃಢವಾದ ನಂಬಿಕೆ.

1999ರ ಜುಲೈ 16ರಂದು, ದಿವಂಗತ ಅಧ್ಯಕ್ಷ ಕೆನಡಿಯವರ ಪುತ್ರ ಕಿರಿಯ ಜಾನ್ ಕೆನಡಿಯವರು ಪತ್ನಿ ಕ್ಯಾರೊಲಿನ್ ಅವರನ್ನೂ ಪತ್ನಿಯ ಅಕ್ಕ ಲಾರೆನ್ ಅವರನ್ನೂ ತಮ್ಮ ಒಂಟಿ ಎಂಜಿನ್ನಿನ ಪೈಪರ್ ಸಾರಟೋಗ ವಿಮಾನದಲ್ಲಿ ಕುಳ್ಳಿರಿಸಿಕೊಂಡು ನ್ಯೂಜೆರ್ಸಿಯಿಂದ ಹೊರಟರು. ಲಾರೆನ್ ಅವರನ್ನು ಮಾರ್ಥಾಸ್ ವಿನ್ಯರ್ಡ್ ದ್ವೀಪದಲ್ಲಿ ಇಳಿಸಿ, ಮರುದಿನ ಹಯಾನಿಸ್ ಪೋರ್ಟಿನಲ್ಲಿ ನಡೆಯಬೇಕಾಗಿದ್ದ ಚಿಕ್ಕಪ್ಪನ ಮಗಳು ರೋರಿಯವರ ವಿವಾಹವನ್ನು ಸೇರುವುದು ಅವರ ಉದ್ದೇಶವಾಗಿತ್ತು. ವಿಮಾನವು ನೆಲ ಬಿಟ್ಟಾಗ ರಾತ್ರಿ 8-38. ಸೂರ್ಯನು ಮುಳುಗಿದ್ದನು, ಕರಾವಳಿಯ ಮೇಲೆ ಮಬ್ಬು ಕವಿದಿತ್ತು. ಉಪಕರಣಗಳನ್ನೇ ನಂಬಿ ಹಾರುವ ಅರ್ಹತೆಯನ್ನು ಅವರಿನ್ನೂ ಪಡೆದಿರಲಿಲ್ಲ. ಜೊತೆಗೆ ಬರುತ್ತೇನೆಂದ ಶಿಕ್ಷಕರೊಬ್ಬರಿಗೆ, ತಾವೊಬ್ಬರೇ ನಡೆಸಬಯಸುವುದಾಗಿ ಹೇಳಿದ್ದರೆಂದು ತನಿಖೆಯ ವರದಿಯಲ್ಲಿದೆ. ಒಂದು ಗಂಟೆಯ ತರುವಾಯ ವಿಮಾನವು ಕಡಲಿಗೆ ಬಿದ್ದು ಮೂವರೂ ಮೃತರಾದರು. ಇರುಳಿನಲ್ಲಿ ಕಡಲ ಮೇಲೆ ಇಳಿಯುತ್ತಿರುವಾಗ ಚಾಲಕರಿಗೆ ಮೇಲುಕೆಳಗುಗಳ ಅರಿವು ತಪ್ಪಿ ವಿಮಾನವು ಹತೋಟಿ ಮೀರಿತೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ನಿರ್ಣಯಿಸಿತು.

ಇದು ಅಜಾಗರೂಕರಿಗೆ ಮಾತ್ರ ಒದಗುವ ಗತಿಯಲ್ಲ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವು ಅಲುಗಿದಾಗ ನಮಗೆ ತಿರುಗುತ್ತಿದ್ದೇವೆಂಬ ಅರಿವುಂಟಾಗುತ್ತದೆ. ಆದರೆ ತಿರುವು ಒಂದೇ ಸಮನಾಗಿ ಮುಂದುವರಿದರೆ ಸ್ವಲ್ಪ ಹೊತ್ತಿನಲ್ಲಿಯೇ ಆ ದ್ರವವು ನಾಳದೊಡನೆ ಸಮಗತಿಯನ್ನು ಹೊಂದಿ, ಸುತ್ತುತ್ತ ಕೆಳಗಿಳಿಯುತ್ತಿರುವವನಿಗೂ ತಾನು ನೇರವಾಗಿಯೇ ಸಾಗುತ್ತಿರುವೆನೆಂಬ ನಿಶ್ಚಯ ಹುಟ್ಟುತ್ತದೆ. ದಿಗಂತವು ಕಾಣುವಾಗ ಕಿವಿಯ ತಪ್ಪನ್ನು ಕಣ್ಣು ತಿದ್ದುತ್ತದೆ; ಮಬ್ಬಿನಲ್ಲಿ ತಿದ್ದುವವರಿಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣಗಳ ಅಭ್ಯಾಸವಿಲ್ಲದ 20 ಮಂದಿಯನ್ನು ಹೊರಗಿನ ನೋಟ ಕಾಣದಂತೆ ಮಾಡಿ ಹಾರಿಸಿ ಪರೀಕ್ಷಿಸಿದಾಗ ಅಷ್ಟು ಮಂದಿಯೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲ ಸರಾಸರಿ 178 ಸೆಕೆಂಡು. ಪೂರ್ತಿ ಮೂರು ನಿಮಿಷವೂ ಅಲ್ಲ!

ಮುಹೂರ್ತಕ್ಕೆ ಸರಿಯಾಗಿ ಮುಟ್ಟಬೇಕೆಂಬ ತವಕವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ನಿದ್ದೆಗೆಟ್ಟು ರಾತ್ರಿಯೆಲ್ಲ ಕಾರು ಓಡಿಸಿ ಮದುವೆಯ ಮನೆ ಸೇರುವವರು ನಮ್ಮಲ್ಲಿಯೂ ಇದ್ದಾರೆ. ಕೆನಡಿಯವರನ್ನು ಯಾರಾದರೂ ಒತ್ತಾಯಿಸಿದರೆಂದು ನಾನು ಹೇಳುತ್ತಿಲ್ಲ. ಬಾಯಿಬಿಟ್ಟು ಒತ್ತಾಯಿಸುವ ಅಗತ್ಯವೇ ಇರುವುದಿಲ್ಲವೆಂಬುದು ಇಲ್ಲಿಯ ಕಷ್ಟ. ಪ್ರೀತಿಯು ತಾನಾಗಿಯೇ ಗಡಿಯಾರವನ್ನು ನೋಡುತ್ತಿರುತ್ತದೆ. ಆ ಶನಿವಾರದ ವಿವಾಹವು ನಿಂತುಹೋಗಿ, ಆಗಸ್ಟ್ 2ರಂದು ಗ್ರೀಸ್ ದೇಶದಲ್ಲಿ ನೆರವೇರಿತು. ಅಣ್ಣನು ಅಳಿದ ದುಃಖದಲ್ಲಿ 16 ದಿನ ಕಾದ ಮದುವೆಯು, ಅವನು ಬೆಳಗಾದ ಮೇಲೆ ಹೊರಟು ಬರುತ್ತೇನೆಂದಿದ್ದರೆ ಕೆಲವು ಗಂಟೆಗಳ ಕಾಲ ಕಾಯದೆ ಇರುತ್ತಿತ್ತೇ?

ಆದಕಾರಣ ಚಾಲಕನ ಮನೆಯವರು, ಮೋಡ ಕಂಡ ಮೇಲಲ್ಲ, ಆಹ್ವಾನವನ್ನೀಯುವಾಗಲೇ, ‘ನೀನು ಬಾರದಿದ್ದರೆ ನಮಗೆ ಅಸಮಾಧಾನವಿಲ್ಲ’ ಎಂದು ಸ್ಪಷ್ಟವಾಗಿ ಹೇಳಿರಬೇಕು. ಊಟದ ವೇಳೆಯನ್ನಾಗಲಿ ಆರತಿಯ ವೇಳೆಯನ್ನಾಗಲಿ ಅವನ ಆಗಮನಕ್ಕೆ ಗಂಟುಹಾಕಬಾರದು. ದೂರವಾಣಿಯಲ್ಲಿ ಎಷ್ಟು ಹೊತ್ತಿಗೆ ಬರುವೆಯೆಂದು ಕೇಳುವ ಬದಲು ಅಲ್ಲಿಯ ಆಕಾಶ ಹೇಗಿದೆಯೆಂದು ಕೇಳಬೇಕು. ನಡುದಾರಿಯ ನಿಲ್ದಾಣದಲ್ಲಿ ಇಳಿದು ಇಂದು ಮುಂದೆ ಬರಲಾರೆನೆಂದವನನ್ನು, ಮೂರು ಗಂಟೆಯ ಹಾದಿಯಾದರೂ ಸರಿ, ಕಾರಿನಲ್ಲಿ ಹೋಗಿ ಕರೆತರಬೇಕು. ಹಿಂದಿರುಗುವ ದಿನದ ಅವಸರವು ಬರುವ ದಿನದ ಅವಸರಕ್ಕಿಂತ ಕಡಿಮೆಯದಲ್ಲ. ಭಾನುವಾರದ ಸಂಜೆ ಹವೆ ಕೆಟ್ಟರೆ ಇನ್ನೊಂದು ರಾತ್ರಿ ಉಳಿಸಿಕೊಳ್ಳಲು ಮನೆಯವರು ಸಿದ್ಧರಿರಬೇಕು, ಸೋಮವಾರದ ಗೈರುಹಾಜರಿಯನ್ನು ತಕರಾರಿಲ್ಲದೆ ಮನ್ನಿಸಲು ಅವನ ಕಚೇರಿಯ ಮೇಲಧಿಕಾರಿಯೂ ಸಿದ್ಧನಿರಬೇಕು.