ಪುಸ್ತಕದ ಬದನೆಕಾಯಿಯೂ ಉತ್ತರದ ಹಳ್ಳಿಯ ಹಸುಳೆಯೂ

ಕೆನಡಾ ದೇಶದ ಮೂಲನಿವಾಸಿ ಕುಟುಂಬಗಳಿಗಾಗಿ, ಅದರಲ್ಲಿಯೂ ಎಳೆಯ ಮಕ್ಕಳಿರುವ ಮನೆಗಳಿಗಾಗಿ, ಸಕ್ಕರೆ ಕಾಯಿಲೆಯನ್ನು ತಡೆಯುವ ಬಗೆಯನ್ನು ತಿಳಿಸುವ ಕರಪತ್ರಗಳೂ ಪುಸ್ತಿಕೆಗಳೂ ಭಿತ್ತಿಚಿತ್ರಗಳೂ ಹೇರಳವಾಗಿ ಅಚ್ಚಾಗಿವೆ. 2007ರಲ್ಲಿ ಅಲ್ಲಿನ ಕೇಂದ್ರ ಸರಕಾರವು ರಾಷ್ಟ್ರೀಯ ಆಹಾರ ಕೈಪಿಡಿಯ ಪ್ರತ್ಯೇಕ ಆವೃತ್ತಿಯೊಂದನ್ನೇ ಅವರಿಗಾಗಿ ಸಿದ್ಧಪಡಿಸಿ, ಕಾಡುಹಣ್ಣಿಗೂ ಬೇಟೆಯ ಮಾಂಸಕ್ಕೂ ಅದರಲ್ಲಿ ಸ್ಥಾನ ಕಲ್ಪಿಸಿತು. ಇಂಥ ಮುದ್ರಿತ ಸಾಮಗ್ರಿಯನ್ನೆಲ್ಲ ಈಗಿನ ಆಡಳಿತದ ಭಾಷೆಯಲ್ಲಿ ‘ಸಂಪನ್ಮೂಲ’ ಎಂದು ಕರೆಯುವ ವಾಡಿಕೆಯುಂಟು. ಸಂಪತ್ತಿಗೆ ಯಾವುದು ಮೂಲವೋ ಅದು ಸಂಪನ್ಮೂಲ. ನೆಲ, ನೀರು, ಕಾಡು, ಹೊಳೆಯ ಮೀನು, ಅಜ್ಜಿಯ ಕೈಗುಣ ಇವು ಆ ಹೆಸರಿಗೆ ತಕ್ಕವು. ಕಾಗದದ ಮೇಲೆ ಬಣ್ಣದಲ್ಲಿ ಬರೆದ ಸೇಬಿಗೆ ನಮ್ಮ ಹಿರಿಯರು ಬೇರೊಂದು ಹೆಸರನ್ನು ಇಟ್ಟಿದ್ದರು: ಪುಸ್ತಕದ ಬದನೆಕಾಯಿ.

ಈ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಎಂಬ ದಿವ್ಯೌಷಧವು 1921ರಲ್ಲಿ ಪತ್ತೆಯಾದದ್ದು ಆಂಟೇರಿಯೊ ಪ್ರಾಂತದ ಟೊರಾಂಟೊ ನಗರದಲ್ಲಿ. ಅದೇ ಪ್ರಾಂತದ ಉತ್ತರ ಭಾಗದಲ್ಲಿ, ಚಳಿಗಾಲದಲ್ಲಿ ನೆಲವೂ ಸರೋವರಗಳೂ ಹೆಪ್ಪುಗಟ್ಟಿದಾಗಲಲ್ಲದೆ ರಸ್ತೆಯ ಸಂಪರ್ಕವೇ ಇಲ್ಲದ ಸ್ಯಾಂಡಿ ಲೇಕ್ ಎಂಬ ಓಜಿ-ಕ್ರೀ ಜನರ ಹಳ್ಳಿಯಲ್ಲಿ 1990ರ ದಶಕದಲ್ಲಿ ವೈದ್ಯರು ರಕ್ತಪರೀಕ್ಷೆ ನಡೆಸಿದಾಗ, ವಯಸ್ಸಿನ ಅಂತರವನ್ನು ಹೊಂದಿಸಿ ಲೆಕ್ಕ ಹಾಕಿದರೆ, ನೂರಕ್ಕೆ 26 ಮಂದಿಗೆ ಮಧುಮೇಹವಿರುವುದು ಕಂಡುಬಂದಿತು. ಅದಕ್ಕೂ ಮುಂಚೆ, 1980ರ ದಶಕದಲ್ಲಿಯೇ, ನಡುವಯಸ್ಸು ದಾಟಿದವರ ರೋಗವೆಂದು ಎಲ್ಲರೂ ಭಾವಿಸಿದ್ದ ಎರಡನೆಯ ಬಗೆಯ ಮಧುಮೇಹವು ಮ್ಯಾನಿಟೋಬಾ ಪ್ರಾಂತದ ಮೂಲನಿವಾಸಿ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತಿರುವುದನ್ನು ಅಲ್ಲಿನ ವೈದ್ಯರು ವರದಿ ಮಾಡಿದ್ದರು.

ಕಾರಣವನ್ನು ರಕ್ತದಲ್ಲಿ ಹುಡುಕಿದವರುಂಟು. ಬರಗಾಲದಲ್ಲಿ ಬದುಕಿ ಉಳಿಯಲು ನೆರವಾದ ‘ಮಿತವ್ಯಯಿ ವಂಶವಾಹಿ’ಯೇ ಸುಭಿಕ್ಷದಲ್ಲಿ ಶತ್ರುವಾಗುತ್ತದೆಂಬ ಊಹೆಯನ್ನು ಜೇಮ್ಸ್ ನೀಲ್ ಎಂಬ ವಿಜ್ಞಾನಿ 1962ರಲ್ಲಿ ಮುಂದಿಟ್ಟನು; 1999ರಲ್ಲಿ ಸ್ಯಾಂಡಿ ಲೇಕಿನ ಜನರಲ್ಲಿ ಮಧುಮೇಹಕ್ಕೆ ಸಂಬಂಧಪಟ್ಟ ವಂಶವಾಹಿಯ ವ್ಯತ್ಯಾಸವೊಂದು ಪತ್ತೆಯೂ ಆಯಿತು. ಆದರೆ ಆ ವಂಶವಾಹಿಯು ಮುತ್ತಾತನ ಮೈಯಲ್ಲಿಯೂ ಇದ್ದಿತಲ್ಲವೆ? ಮುತ್ತಾತನಿಗಿಲ್ಲದ ರೋಗವು ಮರಿಮಗನಿಗೆ ಬಂದಿತೆಂದರೆ, ನಡುವೆ ಬದಲಾದದ್ದು ರಕ್ತವಲ್ಲ, ಊಟದ ತಟ್ಟೆ.

ಆ ತಟ್ಟೆ ಬದಲಾದ ಕಥೆಯನ್ನು ಬ್ಯಾನಕ್ ಎಂಬ ರೊಟ್ಟಿಯೊಂದೇ ಹೇಳಬಲ್ಲದು. ಮೈದಾ ಹಿಟ್ಟು, ಹಂದಿಯ ಕೊಬ್ಬು, ಬೇಕಿಂಗ್ ಪೌಡರು, ಚಿಟಿಕೆ ಉಪ್ಪು, ನೀರು. ಇಷ್ಟನ್ನು ಕಲಸಿ, ಬೆರಳಿನಿಂದ ತಟ್ಟಿ, ಕಬ್ಬಿಣದ ಬಾಣಲೆಯಲ್ಲಿ ಕೆಂಪಗೆ ಬೇಯಿಸಿದರೆ ಆಯಿತು. ಬೇಟೆಯ ನೆಲವನ್ನು ಕಳೆದುಕೊಂಡು ಮೀಸಲು ಪ್ರದೇಶಗಳಿಗೆ ಸರಿಸಲ್ಪಟ್ಟ ಜನರ ಕೈಗೆ ಪಡಿಯಾಗಿ ಬಂದದ್ದು ಹಿಟ್ಟು, ಕೊಬ್ಬು, ಸಕ್ಕರೆ, ಚಹಾ. ಅದರಿಂದ ಹೊಟ್ಟೆ ತುಂಬಿಸಿದ ತಾಯಂದಿರ ಜಾಣ್ಮೆಯೇ ಆ ರೊಟ್ಟಿ. ಇಂದು ಅದು ಹಬ್ಬದ ತಿಂಡಿಯೂ ಹೌದು, ಕರಪತ್ರಗಳು ಮಿತವಾಗಿ ತಿನ್ನಿರೆಂದು ಎಚ್ಚರಿಸುವ ಪದಾರ್ಥವೂ ಹೌದು. ಪಡಿಯನ್ನು ಕೊಟ್ಟ ಕೈಯೇ ಈಗ ಪಥ್ಯವನ್ನು ಬೋಧಿಸುತ್ತಿದೆಯೆಂದು ಅವರಲ್ಲೊಬ್ಬರು ನಕ್ಕರೆ ಆ ನಗೆಯನ್ನು ಕೃತಘ್ನತೆಯೆನ್ನಲಾಗದು.

ನಗೆಗಿಂತ ಅವಿಶ್ವಾಸಕ್ಕೆ ಹೆಚ್ಚು ಕಾರಣವುಂಟು. ಇಯಾನ್ ಮಾಸ್ಬಿ ಎಂಬ ಇತಿಹಾಸಕಾರನು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, 1942ರಿಂದ 1952ರವರೆಗೆ ಸರಕಾರದ ಪೋಷಣ ತಜ್ಞರು ಸುಮಾರು 1,300 ಮಂದಿ ಮೂಲನಿವಾಸಿಗಳನ್ನು, ಅವರಲ್ಲಿ ಬಹುಪಾಲು ವಸತಿಶಾಲೆಯ ಮಕ್ಕಳನ್ನು, ಅವರ ಅರಿವಿಗೆ ಬಾರದಂತೆ ಆಹಾರ ಪ್ರಯೋಗಗಳಿಗೆ ಒಳಪಡಿಸಿದರು. ಆಲ್ಬರ್ನಿ ಎಂಬಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ದೊರೆಯುತ್ತಿದ್ದ ಹಾಲು, ಆ ತಜ್ಞರೇ ಅವಶ್ಯವೆಂದು ವಿಧಿಸಿದ ಪ್ರಮಾಣದ ಅರ್ಧಕ್ಕಿಂತಲೂ ಕಡಿಮೆಯಿದ್ದಿತು. ಮುಂದೆ ಹಾಲನ್ನು ಹೆಚ್ಚಿಸಿದಾಗ ಉಂಟಾಗುವ ವ್ಯತ್ಯಾಸವನ್ನು ಅಳೆಯಬೇಕಾಗಿದ್ದರಿಂದ ಎರಡು ವರ್ಷ ಅದನ್ನು ಹಾಗೆಯೇ ಬಿಡಲಾಯಿತು. ಹಸಿದ ಮಗುವನ್ನು ಕಣ್ಣೆದುರಿಗಿಟ್ಟುಕೊಂಡು ಅಂಕಿಗಳನ್ನು ಬರೆಯುತ್ತ ಕುಳಿತ ವಿದ್ಯಾವಂತರ ಮನಸ್ಸನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಆ ಮಗುವಿನ ಮೊಮ್ಮಗಳು ಇಂದು ತಾಯಿಯಾಗಿ, ಪೋಷಣೆಯ ಉಪದೇಶವನ್ನು ಹೊತ್ತು ಬಂದ ದಾದಿಯ ಎದುರು ಮೌನವಾಗಿ ಕುಳಿತರೆ, ಆ ಮೌನವನ್ನು ಅಜ್ಞಾನವೆಂದು ವರದಿಯಲ್ಲಿ ಬರೆಯಬಾರದು.

ಹಾಗಾದರೆ ಉಪಾಯವೇ ಇಲ್ಲವೆ? ಮಾಂಟ್ರಿಯಲ್ ನಗರದ ಮಗ್ಗುಲಲ್ಲಿರುವ ಕಾನವಾಕೆ ಎಂಬ ಮೋಹಾಕ್ ಜನರ ಊರನ್ನು ನೋಡಬಹುದು. ಸೇಂಟ್ ಲಾರೆನ್ಸ್ ನದಿಯಲ್ಲಿ ಹಡಗುಗಾಲುವೆಯನ್ನು ತೋಡುವುದಕ್ಕಾಗಿ 1950ರ ದಶಕದಲ್ಲಿ ಈ ಊರಿನ ದಡದ ಭೂಮಿಯನ್ನು ಕಿತ್ತುಕೊಂಡಾಗ, ನದಿಯ ತೀರದಲ್ಲಿದ್ದ ಜನ ನದಿಗೆ ಹೊರಗಿನವರಾದರು. 1985ರಲ್ಲಿ ನಡೆದ ಸಮೀಕ್ಷೆಯಲ್ಲಿ, 45ರಿಂದ 64 ವರ್ಷದವರಲ್ಲಿ ನೂರಕ್ಕೆ 12 ಮಂದಿಗೆ, ಅಂದರೆ ದೇಶದ ಸರಾಸರಿಯ ಇಮ್ಮಡಿ, ಮಧುಮೇಹವಿರುವುದು ತಿಳಿದುಬಂದಿತು. ವೈದ್ಯರು ಈ ಲೆಕ್ಕವನ್ನು ಹೊರಗಿನ ಪತ್ರಿಕೆಗೆ ಕಳಿಸಿ ಸುಮ್ಮನಾಗದೆ ಊರಿನವರ ಎದುರಿಗಿಟ್ಟರು; ನಮ್ಮ ಮಕ್ಕಳಿಗಾದರೂ ಇದು ಬಾರದಂತೆ ಏನಾದರೂ ಮಾಡಬೇಕೆಂದು ಹಿರಿಯರು ಹಟ ಹಿಡಿದರು. 1994ರಲ್ಲಿ ಎರಡು ಪ್ರಾಥಮಿಕ ಶಾಲೆಗಳಲ್ಲಿ ಯೋಜನೆ ಮೊದಲಾಯಿತು. ಸಂಶೋಧನೆಯ ನೀತಿಸಂಹಿತೆಯನ್ನು ರಚಿಸುವಲ್ಲಿ ಊರಿನವರೇ ಪಾಲುದಾರರು. ಫಲಿತಾಂಶವನ್ನು ಮೊದಲು ಕೇಳತಕ್ಕವರೂ ಅವರೇ. ಊಟದ ತಟ್ಟೆಯ ಮಟ್ಟಿಗೂ ಈ ಜನರಿಗೆ ತಮ್ಮದೇ ಪರಂಪರೆಯುಂಟು; ಅದರಲ್ಲಿ ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳಗಳಿಗೆ ‘ಮೂವರು ಅಕ್ಕತಂಗಿಯರು’ ಎಂದು ಹೆಸರು. ಗುಡ್ಡೆ ಮಾಡಿದ ಮಣ್ಣಿನಲ್ಲಿ ಮುಸುಕಿನ ಜೋಳ ಗೇಣುದ್ದ ಬೆಳೆದ ಮೇಲೆ ಹುರುಳಿಕಾಯಿಯ ಬೀಜವನ್ನು ಊರುತ್ತಾರೆ, ಬಳ್ಳಿ ಜೋಳದ ದಂಟನ್ನು ಸುತ್ತಿ ಏರುತ್ತದೆ, ಕುಂಬಳದ ಅಗಲವಾದ ಎಲೆ ಬುಡಕ್ಕೆ ನೆರಳಾಗಿ ಕಳೆಯನ್ನು ತಡೆಯುತ್ತದೆ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಬಿಡುವ ನಮ್ಮ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಯೋಜನೆಯ ಎಂಟು ವರ್ಷಗಳನ್ನು ಅಳೆದು ಪ್ರಕಟಿಸಿದ ಫಲಿತಾಂಶ ಮಾತ್ರ ಸಂಭ್ರಮಕ್ಕೆ ಅರ್ಹವಾಗಿರಲಿಲ್ಲ: ಮಕ್ಕಳ ಚರ್ಮದಡಿಯ ಕೊಬ್ಬಿನ ಅಳತೆಯಲ್ಲಿ ಆರಂಭದಲ್ಲಿ ಸ್ವಲ್ಪ ಸುಧಾರಣೆ ಕಂಡಿತೇ ಹೊರತು, ಎತ್ತರಕ್ಕೆ ತಕ್ಕ ತೂಕದಲ್ಲಿ ಕಾಣಲಿಲ್ಲ. ಊರಿನವರು ಯೋಜನೆಯನ್ನು ಕೈಬಿಡಲಿಲ್ಲ. ಶಾಲೆಯ ಬೇಲಿಯೊಳಗೆ ಗೆದ್ದದ್ದನ್ನು ಬೇಲಿಯಾಚೆಯ ಅಂಗಡಿ ಕಸಿದುಕೊಳ್ಳಬಲ್ಲುದೆಂಬುದು ನನ್ನ ತಿಳಿವಳಿಕೆ.

ಅಂಗಡಿಯ ಮಾತು ಬಂದುದರಿಂದ ಹೇಳುತ್ತೇನೆ. ಉತ್ತರದ ಹಳ್ಳಿಗಳಿಗೆ ವಿಮಾನದಲ್ಲಿ ಬರುವ ಹಾಲು ಹಣ್ಣುಗಳ ಬೆಲೆಯನ್ನು ತಗ್ಗಿಸಲು 2011ರಿಂದ ಸರಕಾರ ಕೊಡುತ್ತಿರುವ ಸಹಾಯಧನ ಸೇರುವುದು ವರ್ತಕರ ಕೈಗೆ. ಅದು ಪೂರ್ತಿಯಾಗಿ ಕೊಳ್ಳುವವರಿಗೆ ತಲಪುತ್ತಿದೆಯೆಂದು ಇಲಾಖೆ ಖಚಿತಪಡಿಸಿಕೊಂಡಿಲ್ಲವೆಂದು 2014ರಲ್ಲಿ ಅಲ್ಲಿನ ಮಹಾಲೇಖಪಾಲರೇ ಆಕ್ಷೇಪಿಸಿದರು. ಇನ್ನು ನೀರಿನ ಮಾತು: ಅದೇ ಉತ್ತರದ ನೆಸ್ಕಾಂಟಗ ಎಂಬ ಹಳ್ಳಿಯಲ್ಲಿ ನಲ್ಲಿಯ ನೀರನ್ನು ಕುದಿಸದೆ ಕುಡಿಯಬಾರದೆಂದು 1995ರಲ್ಲಿ ಹೊರಟ ಎಚ್ಚರಿಕೆ ಕಾಲು ಶತಮಾನ ಕಳೆದರೂ ತೆರವಾಗಲಿಲ್ಲ. ಅಂಥ ಊರಿನ ಗೋಡೆಯ ಮೇಲೆ ‘ಸಿಹಿಪಾನೀಯ ಬೇಡ, ನೀರು ಕುಡಿಯಿರಿ’ ಎಂಬ ಭಿತ್ತಿಚಿತ್ರವನ್ನು ಅಂಟಿಸಲು ಯಾವ ಮುಖವಿದೆ? ಮುದ್ರಣದ ಹಣವನ್ನು ಕೊಳಾಯಿಗೂ ದೋಣಿಗೂ ಬಲೆಗೂ ತಿರುಗಿಸಿ, ಅದರ ಲೆಕ್ಕವನ್ನು ಊರಿನ ಸಭೆಯ ವಶಕ್ಕೆ ಬಿಡುವುದು ಮೇಲು.

ತಾಯಿಯ ಮೊಲೆಹಾಲು ವರ್ಷಕ್ಕೆ ಮೀರಿ ದೊರೆತ ಮಕ್ಕಳಲ್ಲಿ ಮಧುಮೇಹ ಕಡಿಮೆಯೆಂದು ಮ್ಯಾನಿಟೋಬಾದ ಮೂಲನಿವಾಸಿ ಮಕ್ಕಳನ್ನು ಕುರಿತ ಅಧ್ಯಯನವು 2002ರಲ್ಲಿ ತಿಳಿಸಿತು. ಆ ಸಲಹೆಯೂ ಕರಪತ್ರಗಳಲ್ಲಿದೆ. ಆದರೆ ಬಾಣಂತಿಗೆ ಮಗುವನ್ನು ಎದೆಗೆ ಹಿಡಿಯುವ ರೀತಿಯನ್ನು, ನೋವಾದಾಗ ಮಾಡತಕ್ಕುದನ್ನು, ನಡುರಾತ್ರಿಯ ಅಳುವಿಗೆ ಹೆದರಬಾರದೆಂಬುದನ್ನು ಕಲಿಸುವವಳು ಪಕ್ಕದಲ್ಲಿ ಕುಳಿತ ಅವಳ ತಾಯಿ. ಹೆರಿಗೆಯ ಸೌಕರ್ಯವಿಲ್ಲದ ಆ ಉತ್ತರದ ಹಳ್ಳಿಗಳಿಂದ ಗರ್ಭಿಣಿಯರನ್ನು ದಿನ ತುಂಬುವುದಕ್ಕೆ ವಾರಗಳ ಮೊದಲೇ ವಿಮಾನದಲ್ಲಿ ದಕ್ಷಿಣದ ನಗರಗಳಿಗೆ ಸಾಗಿಸುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಜತೆಗೆ ಹೋಗುವವರೊಬ್ಬರ ಖರ್ಚನ್ನು ಎಲ್ಲ ಗರ್ಭಿಣಿಯರಿಗೂ ಕೊಡಲು ಸರಕಾರ ಒಪ್ಪಿದ್ದು 2017ರಲ್ಲಿ. ಅಲ್ಲಿಯ ತನಕ ಎಷ್ಟೋ ಹುಡುಗಿಯರು ಒಬ್ಬರೇ ಆ ವಿಮಾನವನ್ನು ಹತ್ತಿದರು. ಕಲಿಸಬೇಕಾದವಳು ಊರಿನಲ್ಲಿಯೇ ಉಳಿದಳು.