ಬೆಳ್ಳಾವೆಯವರ ನಾಟಕಕ್ಕೆ ಬೀಗ ಹಾಕಬೇಡಿ

ಗುಬ್ಬಿ, ಕುಣಿಗಲ್, ತುಮಕೂರು ಸೀಮೆಯಲ್ಲಿ ಇವತ್ತಿಗೂ ಜಾತ್ರೆ ಬಂತೆಂದರೆ ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಬೆಳಗಾಗುವವರೆಗೆ ಆಟ ನಡೆಯುತ್ತದೆ. ಈ ನಾಟಕಗಳ ಪುಸ್ತಕ, ಹಾಡು, ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹಕ್ಕಿನ ಅವಧಿ ಮುಗಿದದ್ದನ್ನೆಲ್ಲ ಅಂತರ್ಜಾಲದಲ್ಲಿಟ್ಟು, ಯಾರು ಬೇಕಾದರೂ ಬಳಸಬಹುದು ಎಂದು ಸ್ಪಷ್ಟವಾಗಿ ಬರೆಯಬೇಕು. ಹಕ್ಕು ಉಳಿದಿರುವ ಕಡೆ ವಾರಸುದಾರರನ್ನು ಕೇಳಿ ಮುಕ್ತ ಪರವಾನಗಿ ಪಡೆಯಬೇಕು. ನಮ್ಮ ಬೇಡಿಕೆ ಇಷ್ಟೇ. ಇದನ್ನು ಒಪ್ಪದವರ ಆಕ್ಷೇಪಗಳಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

"ಇದು ಕಂಡವರ ಆಸ್ತಿಯನ್ನು ಹಂಚುವ ಕೆಲಸ" ಎನ್ನುತ್ತಾರೆ. ಯಾರ ಆಸ್ತಿ, ಎಲ್ಲಿಯವರೆಗೆ ಎಂಬುದನ್ನು ಕಾನೂನೇ ಹೇಳಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೆ ಹಕ್ಕು 50 ವರ್ಷ ಇರುತ್ತಿತ್ತು. ರವೀಂದ್ರನಾಥ ಟಾಗೋರರ ಕೃತಿಗಳ ಅವಧಿ ಮುಗಿಯುತ್ತಾ ಬಂದಾಗ ಅದನ್ನು 60ಕ್ಕೆ ಏರಿಸಿದರು. ನಮ್ಮ ಬೆಳ್ಳಾವೆ ನರಹರಿ ಶಾಸ್ತ್ರಿಗಳು ತೀರಿಕೊಂಡದ್ದು 1961ರಲ್ಲಿ. ಅವರು ಗುಬ್ಬಿ ನಾಟಕ ಕಂಪನಿಗೆ ಬರೆದ ನಾಟಕಗಳ ಹಕ್ಕು 2021ರ ಕೊನೆಗೆ ಮುಗಿಯಿತು. ಆ ಕಂಪನಿಯನ್ನು ನಡೆಸಿದ ಗುಬ್ಬಿ ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ. ಅವರ ಆತ್ಮಕಥೆ 'ಕಲೆಯೇ ಕಾಯಕ'ದ ಹಕ್ಕು 2032ರ ಕೊನೆಯವರೆಗೂ ಇದೆ. ಅದನ್ನು ಕೇಳದೆ ಮುಟ್ಟಬೇಕೆಂದು ನಾವು ಎಲ್ಲೂ ಹೇಳಿಲ್ಲ. ಇನ್ನೊಂದು ಸಂಗತಿ ನೆನೆದರೆ ಹೊಟ್ಟೆ ಉರಿಯುತ್ತದೆ. 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಮಾತು, ಹಾಡು ಬರೆದವರೂ ಇದೇ ಶಾಸ್ತ್ರಿಗಳು. ಅದರ ಒಂದು ಪ್ರಿಂಟೂ ಉಳಿದಿಲ್ಲ. ಹಕ್ಕು ಇದ್ದಷ್ಟೂ ಕಾಲ ಇತ್ತು, ಚಿತ್ರ ಮಾತ್ರ ಕಳೆದುಹೋಯಿತು. ನಾಲ್ಕು ಕಡೆ ನಾಲ್ಕು ಪ್ರತಿ ಇದ್ದಿದ್ದರೆ ಒಂದಾದರೂ ಉಳಿಯುತ್ತಿತ್ತು.

"ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯವರು ತಮ್ಮ ನಕ್ಷೆಗಳನ್ನು ಬಿಟ್ಟಿ ಕೊಡುತ್ತಾರಾ? ನಾಟಕವನ್ನು ಯಾಕೆ ಕೊಡಬೇಕು?" ಎಂಬುದು ಇನ್ನೊಂದು ಪ್ರಶ್ನೆ. ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ 615 ಎಕರೆಯಲ್ಲಿ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಕಾರ್ಖಾನೆ ಅದು. ಹೆಮ್ಮೆ ನನಗೂ ಇದೆ. ಸೇನೆಗೆ ಸೇರಿದ ಗುಟ್ಟುಗಳ ಮಾತು ಬೇರೆ. ಆದರೆ ಹೊಸ ಯಂತ್ರವೊಂದನ್ನು ಕಂಡುಹಿಡಿದವರಿಗೆ ಪೇಟೆಂಟು ಸಿಗುವುದು 20 ವರ್ಷಕ್ಕೆ, ಅದೂ ಅದು ಹೇಗೆ ಕೆಲಸ ಮಾಡುತ್ತದೆಂದು ಎಲ್ಲರಿಗೂ ಬಿಡಿಸಿ ಹೇಳಬೇಕೆಂಬ ಷರತ್ತಿನ ಮೇಲೆ. ಅವಧಿ ಮುಗಿದರೆ ಅದು ಲೋಕದ್ದು. ನಾಟಕಕಾರರಿಗೆ ಕಾನೂನು ಅವರ ಇಡೀ ಬದುಕಿನ ಜೊತೆಗೆ ಇನ್ನೂ 60 ವರ್ಷ ಕೊಟ್ಟಿದೆ. ಅದೂ ಮುಗಿದ ಮೇಲೆ ಬೀಗ ಹಾಕುತ್ತೇವೆ ಎನ್ನುವುದಕ್ಕೆ ಆಧಾರ ಎಲ್ಲಿದೆ?

ಮೂರನೆಯವರು ಕಾರಂತರ ಪ್ರಕರಣ ತೋರಿಸಿ ಹೆದರಿಸುತ್ತಾರೆ. ಶಿವರಾಮ ಕಾರಂತರು ಹೊಸದಾಗಿ ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ 2001ರಲ್ಲಿ ದೆಹಲಿಯಲ್ಲಿ ಆಡಿಸಿತು. ಕಾರಂತರ ಉಯಿಲಿನ ಪ್ರಕಾರ ಹಕ್ಕು ಪಡೆದಿದ್ದ ಮಾಲಿನಿ ಮಲ್ಯರು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಎತ್ತಿಹಿಡಿಯಿತು, ನಿಜ. ಆ ತೀರ್ಪನ್ನು ಪೂರ್ತಿ ಓದಬೇಕು. ಶಾಲಾ ಕಾಲೇಜಿನ ಚಟುವಟಿಕೆಯಾಗಿ ಕಾಯ್ದೆಯ ಚೌಕಟ್ಟಿನೊಳಗೆ ಆಡುವ ಪ್ರದರ್ಶನಕ್ಕೂ, ಹವ್ಯಾಸಿ ಸಂಘವು ಟಿಕೆಟ್ಟಿಲ್ಲದೆ ಬಂದ ಪ್ರೇಕ್ಷಕರೆದುರು ಆಡುವ ಪ್ರದರ್ಶನಕ್ಕೂ ತಡೆಯಾಜ್ಞೆ ಅನ್ವಯಿಸುವುದಿಲ್ಲವೆಂದು ಅದೇ ನ್ಯಾಯಾಲಯ ಹೇಳಿದೆ. ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಇಂಥ ಸಂಘ ಆಡುವ ಆಟಕ್ಕೂ ವಿನಾಯಿತಿ ಇದೆ. ನಮ್ಮೂರುಗಳಲ್ಲಿ ದೇವಸ್ಥಾನದ ಮುಂದೆ ಚಪ್ಪರ ಹಾಕಿ ಆಡುವುದು ಇಂಥದನ್ನೇ ತಾನೆ? ಆದರೆ ಆ ಆಟವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದರೆ ಈ ವಿನಾಯಿತಿ ಕಾಪಾಡುತ್ತದೆಂದು ನಾನು ವಾದಿಸುವುದಿಲ್ಲ. ಪರವಾನಗಿಯನ್ನು ಸ್ಪಷ್ಟವಾಗಿ ಬರೆದಿಡಿ ಎಂದು ಕೇಳುತ್ತಿರುವುದು ಅದಕ್ಕಾಗಿಯೇ.

"ತೆರೆದಿಟ್ಟರೆ ಹಾಡುಗಳನ್ನು ಕೆಡಿಸುತ್ತಾರೆ" ಎಂಬ ಭಯಕ್ಕೆ 57ನೇ ಸೆಕ್ಷನ್ ಉತ್ತರ ಕೊಡುತ್ತದೆ. ಲೇಖಕರ ಮಾನಕ್ಕೆ ಕುಂದು ತರುವಂತೆ ತಿರುಚಿದರೆ ವಾರಸುದಾರರು ಪ್ರಶ್ನಿಸಬಹುದು. 2012ರ ತಿದ್ದುಪಡಿಯ ನಂತರ ಅವಧಿ ಮುಗಿದ ಕೃತಿಗೂ ಆ ರಕ್ಷಣೆ ಉಂಟು.

"ಎಲ್ಲ ಯೂಟ್ಯೂಬಿನಲ್ಲೇ ಇದೆ, ಇನ್ನೇನು ಬೇಕು?" ಎನ್ನುವವರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿ ಹಕ್ಕನ್ನು ಗುರುತಿಸುವುದು ಯಂತ್ರ. ಕಂಪನಿಯೊಂದು ಹಳೆಯ ರಂಗಗೀತೆಯನ್ನು ಹೊಸದಾಗಿ ಹಾಡಿಸಿ ನೋಂದಾಯಿಸಿದರೆ, ಯಂತ್ರ ಆ ಧ್ವನಿಯ ಗುರುತು ಇಟ್ಟುಕೊಂಡು ಹೋಲುವ ಎಲ್ಲದರ ಮೇಲೂ ಕಂಪನಿಯ ಹೆಸರು ಬರೆಯಬಲ್ಲದು. ಕಂಪನಿಗೆ ಹಕ್ಕಿರುವುದು ತಾನು ಮಾಡಿಸಿದ ಧ್ವನಿಮುದ್ರಣದ ಮೇಲೆ. ಅವಧಿ ಮುಗಿದ ಸಾಹಿತ್ಯದ ಮೇಲೂ ಇಲ್ಲ, ಊರಿನ ಕರ್ಣ ಪಾತ್ರಧಾರಿ ತನ್ನ ಗಂಟಲಲ್ಲಿ ಹಾಡಿದ್ದರ ಮೇಲೂ ಇಲ್ಲ. ಆದರೆ ಇದನ್ನು ಆ ಪಾತ್ರಧಾರಿ ಸಾಬೀತು ಮಾಡುವುದು ಹೇಗೆ? ನಾಟಕದ ಪುಸ್ತಕ, ಲೇಖಕರು ತೀರಿಕೊಂಡ ವರ್ಷ, ಮೂಲ ತಟ್ಟೆಯ ಇಸವಿ ಎಲ್ಲವೂ ಸಾರ್ವಜನಿಕ ಸಂಗ್ರಹವೊಂದರಲ್ಲಿದ್ದರೆ ತೋರಿಸಿ ವಾದಿಸಬಹುದು. ಈಗ ಅವನ ಕೈಯಲ್ಲಿ ಯಾವ ದಾಖಲೆಯೂ ಇಲ್ಲ.

ಕೊನೆಯದು ಹೊಟ್ಟೆಪಾಡಿನ ಪ್ರಶ್ನೆ. ಇದನ್ನು ಎತ್ತಿದವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಮುಕ್ತ ಪರವಾನಗಿಯನ್ನು ಕೊಡಬಲ್ಲವರು ಹಕ್ಕುದಾರರು ಮಾತ್ರ; ಬಲವಂತದ ಮಾತೇ ಇಲ್ಲ. 2014ರಲ್ಲಿ ಕಾದಂಬರಿಕಾರ ನಿರಂಜನರ ಕುಟುಂಬ ಅವರ ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು, ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ತೆರೆಯಿತು. ಎರಡೂ ಮನಸಾರೆ ಕೊಟ್ಟದ್ದು. ಇವತ್ತು ಹಳ್ಳಿಹಳ್ಳಿಗೆ ಹೋಗಿ ಕಲಿಸುತ್ತಿರುವ ಹಾರ್ಮೋನಿಯಂ ಮೇಷ್ಟ್ರುಗಳು ತಾವೇ ಕಟ್ಟಿದ ಮಟ್ಟುಗಳು, ಬರೆದ ಹಾಡುಗಳು ಅವರವೇ. ಅವುಗಳನ್ನು ಯಾವ ಚಾನೆಲ್ ಬಳಸಿದರೂ ಅವರನ್ನು ಕೇಳಬೇಕು, ಅವರ ಹೆಸರು ಹಾಕಬೇಕು, ದುಡ್ಡು ಕೊಡಬೇಕು. ಸಂಗ್ರಹ ಆರಂಭವಾದ ದಿನವೇ ಅವರ ಹೆಸರು, ಅವರು ಕಟ್ಟಿದ ಮಟ್ಟುಗಳ ಪಟ್ಟಿ ಅದರಲ್ಲಿ ಬೇರೆಯಾಗಿ ದಾಖಲಾಗಬೇಕು.